ಬೀಳ್ಕೊಡುಗೆಗೆ ಬಿದ್ದ ಗುಟ್ಟಿನ ಮೊಹರು

ನಮ್ಮ ಡೈರೆಕ್ಟರ್‌ಗೆ ಯಾರಾದರೂ ಹುಟ್ಟುಹಬ್ಬದ ಕಾರ್ಡು ಕೊಟ್ಟರೆ ಅವರು ಅದರ ಚಿತ್ರವನ್ನು ಮೊದಲು ನೋಡುತ್ತಿರಲಿಲ್ಲ. ಕಾರ್ಡಿನ ನೆತ್ತಿಯ ಮೇಲೊಮ್ಮೆ, ಪಾದದಲ್ಲೊಮ್ಮೆ ಕಣ್ಣಾಡಿಸಿ, ಅಲ್ಲಿ ಗುಟ್ಟಿನ ದರ್ಜೆ ತೋರಿಸುವ ಯಾವ ಮಾರ್ಕಿಂಗೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗಿನ ಶುಭಾಶಯ ಓದುತ್ತಿದ್ದರು. ತಮಾಷೆಗೆ ಹಾಗೆ ಮಾಡುತ್ತಾರೆಂದು ಮೊದಮೊದಲು ಅಂದುಕೊಂಡಿದ್ದೆ. ತಮಾಷೆಯಲ್ಲ. ಸರ್ಕಾರದ ಗುಟ್ಟಿನ ಕಾಗದಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡ ಹೆಂಗಸು. ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು.

ನಾನು ಅವರ ಕೈಕೆಳಗೆ ಸೇರಿದ್ದು ಸಿಡ್ನಿಯಿಂದ ಮೆಲ್ಬರ್ನಿಗೆ ಬಂದ ಮೇಲೆ. ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಕೆಲವು ವರ್ಷ ರೆಂಟ್ ಕಟ್ಟಿ, ಕಾಯಂ ನೆಲೆಸುವ ಪಿಆರ್ ಆಗಿ, ಸಿಟಿಜನ್‌ಶಿಪ್ಪೂ ಆಗಿ, ಗಂಡನ ಕೆಲಸದ ಹಿಂದೆ ಮೆಲ್ಬರ್ನಿನ ಬಾಕ್ಸ್ ಹಿಲ್‌ಗೆ ಬಂದು ನೆಲೆಸಿದೆವು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸರ್ಕಾರಿ ಇಲಾಖೆಯ ಆಫೀಸು. ಅಲ್ಲಿ ಕೆಲಸ ಸಿಕ್ಕಿತಾದರೂ ಒಳಗೆ ಬಿಡುವ ಮುನ್ನ ನನ್ನ ಪೂರ್ವಾಪರವನ್ನೆಲ್ಲ ಜಾಲಾಡಿದರು. ಹಳೆಯ ವಿಳಾಸಗಳೆಲ್ಲ ಬೇಕು ಎಂದರು. ಮೈಸೂರಿನ ನಮ್ಮ ಮನೆಯ ವಿಳಾಸದಲ್ಲಿ ‘ಹಿಟ್ಟಿನ ಗಿರಣಿ ಎದುರು’ ಎಂದು ಬರೆದದ್ದನ್ನು ನೋಡಿ ಆ ಅಧಿಕಾರಿ, ಆ ಗಿರಣಿಯ ವಿಳಾಸವೇನು ಎಂದು ಕೇಳಿದ. ನಮ್ಮ ಮನೆ ಎದುರು, ಎಂದೆ. ಪಾಪ, ಹಾಗೆಯೇ ಬರೆದುಕೊಂಡ.

ನನ್ನ ಕೆಲಸ ಇಷ್ಟು. ನಮ್ಮ ಇಲಾಖೆಯಲ್ಲಿ ದಿನಾ ಹೊಸ ಟಿಪ್ಪಣಿಗಳು, ವರದಿಗಳು ಹುಟ್ಟುತ್ತವೆ. ಅವುಗಳಲ್ಲಿ ಬಹುಪಾಲು ಹೊಸವಲ್ಲ. ಹಳೆಯ ನಾಲ್ಕಾರು ಕಾಗದಗಳಿಂದ ಒಂದೊಂದು ಸಂಗತಿ ಎತ್ತಿ ಸೇರಿಸಿದಂಥವು. ಆ ಹಳೆಯ ಕಾಗದಗಳಲ್ಲಿ ಕೆಲವಕ್ಕೆ ‘ಅಫಿಶಿಯಲ್’ ಎಂಬ ಸಾಧಾರಣ ಮಾರ್ಕಿಂಗ್ ಇರುತ್ತದೆ, ಕೆಲವಕ್ಕೆ ಅದಕ್ಕಿಂತ ಬಿಗಿಯಾದ ‘ಸೆನ್ಸಿಟಿವ್’, ಇನ್ನು ಕೆಲವಕ್ಕೆ ‘ಪ್ರೊಟೆಕ್ಟೆಡ್’. ಅದರ ಮೇಲಿನವು ನಮ್ಮ ಮಹಡಿಗೆ ಬರುತ್ತಿರಲಿಲ್ಲ. ಸಂಗತಿ ಎತ್ತಿಕೊಂಡವರು ಅದರ ಮಾರ್ಕಿಂಗನ್ನೂ ಜೊತೆಗೆ ಎತ್ತಿಕೊಂಡು ಬಂದಿದ್ದಾರೆಯೇ ಎಂದು ನೋಡುವವಳು ನಾನು. ಹತ್ತು ಪುಟದಲ್ಲಿ ಒಂದೇ ಒಂದು ಸಾಲು ಪ್ರೊಟೆಕ್ಟೆಡ್ ಕಾಗದದಿಂದ ಬಂದಿದ್ದರೂ ಹತ್ತೂ ಪುಟ ಪ್ರೊಟೆಕ್ಟೆಡ್. ಮಾತು ಬದಲಾಯಿಸಿ ಬರೆದರೂ ಬಿಡುವುದಿಲ್ಲ.

“ಮೊಹರು ಕಾಗದಕ್ಕಲ್ಲ, ಸಂಗತಿಗೆ,” ಎಂದು ಡೈರೆಕ್ಟರ್ ಮೊದಲ ವಾರವೇ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಅದನ್ನು ಹಾಕಿದವರು ಯಾರೋ, ತೆಗೆಯುವವರೂ ಅವರೇ. ನೀನೂ ಅಲ್ಲ, ನಾನೂ ಅಲ್ಲ.”

ಮೈಸೂರಿನ ಅಡುಗೆಮನೆಯಲ್ಲಿ ಬೆಳೆದ ನನಗೆ ಇದು ಹೊಸದೆನಿಸಲಿಲ್ಲ. ಅನ್ನದ ಪಾತ್ರೆ ಮುಟ್ಟಿದ ಕೈ ತೊಳೆಯದೆ ಮಜ್ಜಿಗೆ ಮುಟ್ಟಿದರೆ ಮಜ್ಜಿಗೆಯೂ ಮುಸುರೆ. ಮಜ್ಜಿಗೆ ನೋಡಲು ಹಾಗೆಯೇ ಇರುತ್ತದೆ, ರುಚಿಯೂ ಬದಲಾಗುವುದಿಲ್ಲ, ಆದರೂ ನಮ್ಮಜ್ಜಿಗೆ ಅದು ಹೇಗೋ ಗೊತ್ತಾಗುತ್ತಿತ್ತು. ಡೈರೆಕ್ಟರ್‌ಗೂ ಗೊತ್ತಾಗುತ್ತಿತ್ತು. ಮನೆಯಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ, “ಈ ಸಾರಿಗೆ ನಿನ್ನೆಯ ಸಾರು ಸೇರಿದೆಯಾ? ಮಾರ್ಕಿಂಗ್ ಹಾಕ್ಬಿಡು ಮಾರಾಯ್ತಿ, ನಾನು ನೋಡ್ಕೊಂಡು ತಿಂತೀನಿ,” ಎನ್ನುವುದು ಶುರುವಾಯಿತು.

ಡೈರೆಕ್ಟರ್ ಮೆಲ್ಬರ್ನಿನ ಅಂಚಿನ ಡ್ಯಾಂಡಿನಾಂಗಿನಲ್ಲಿ ಹುಟ್ಟಿ ಬೆಳೆದವರು. ಅಪ್ಪ ಇಟಲಿಯಿಂದ ಬಂದು ಅಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿದವರಂತೆ. ಅರವತ್ತರ ಹತ್ತಿರದ ವಯಸ್ಸು, ಒಬ್ಬರೇ ಇದ್ದರು. ಆಫೀಸಿನಲ್ಲಿ ಅವರನ್ನು ಕಂಡರೆ ಗೌರವವಿತ್ತು. ಪ್ರೀತಿಯೂ ಇತ್ತೆಂದು ಆಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಲಿಫ್ಟಿನಲ್ಲಿ ಅವರು ಒಳಗೆ ಬಂದರೆ ವಾರಾಂತ್ಯದ ಮಾತು ನಿಂತು ಹವಾಮಾನದ ಮಾತು ಶುರುವಾಗುತ್ತಿತ್ತು.

ಈಗ ತುಮಕೂರಿನವರನ್ನು ಪರಿಚಯಿಸಬೇಕು. ನಮ್ಮ ಮಹಡಿಯಲ್ಲಿ ನನ್ನನ್ನು ಬಿಟ್ಟರೆ ಇದ್ದ ಇನ್ನೊಬ್ಬ ಕನ್ನಡಿಗರು ಅವರು. ನಲವತ್ತು ದಾಟಿದ, ಎರಡು ಮಕ್ಕಳ ತಂದೆ, ಒಳ್ಳೆಯ ಕೆಲಸಗಾರ. ಆದರೆ ಅವರ ಪ್ರತಿಭೆ ಇದ್ದದ್ದು ಸಮಾರಂಭಗಳಲ್ಲಿ. ಯಾರಿಗೆ ಮಗು ಹುಟ್ಟಲಿ, ಯಾರ ಮನೆ ಗೃಹಪ್ರವೇಶವಾಗಲಿ, ಸಮೋಸ ಎಷ್ಟು, ಪೇಪರ್ ಪ್ಲೇಟ್ ಎಷ್ಟು, ಭಾಷಣ ಯಾರದು ಎಂಬುದೆಲ್ಲ ಅವರ ತಲೆಯಲ್ಲಿ ಆಗಲೇ ಸಿದ್ಧವಾಗಿರುತ್ತಿತ್ತು. ಸಮಾರಂಭಕ್ಕೆ ಕಾರಣ ಸಿಗುವುದಷ್ಟೇ ಬಾಕಿ.

ಕಾರಣ ಅವರಿಗೆ ಒಂದು ಪ್ರೊಟೆಕ್ಟೆಡ್ ಕಾಗದದಲ್ಲಿ ಸಿಕ್ಕಿಬಿಟ್ಟಿತು.

ಸರ್ಕಾರ ಇನ್ನೂ ಪ್ರಕಟಿಸದ ಯೋಜನೆಯೊಂದು ನಮ್ಮ ಇಲಾಖೆಗೆ ಬರುವುದಿತ್ತು. ಅದಕ್ಕಾಗಿ ಆಫೀಸಿನಲ್ಲಿ ಯಾರು ಎಲ್ಲಿ ಕೂರಬೇಕು, ಯಾವ ತಂಡ ಎಲ್ಲಿಗೆ ಹೋಗಬೇಕು ಎಂದು ಡೈರೆಕ್ಟರ್ ಕರಡು ಮಾಡಿ ನಾಲ್ಕೈದು ಜನಕ್ಕೆ ಮಾತ್ರ ಇಮೇಲ್‌ನಲ್ಲಿ ಕಳಿಸಿದ್ದರು. ಯೋಜನೆ ಏನೆಂದು ಈಗ ಎಲ್ಲರಿಗೂ ಗೊತ್ತು. ಆದರೂ ಇಲ್ಲಿ ಹೇಳುವುದಿಲ್ಲ, ಹೇಳಿದರೆ ನಿಮಗೆ ನಿದ್ದೆ ಬರುತ್ತದೆ. ಮೇಜು ಕುರ್ಚಿಗಳ ಲೆಕ್ಕ ನೋಡಿಕೊಳ್ಳುತ್ತಿದ್ದುದರಿಂದ ತುಮಕೂರಿನವರಿಗೂ ಅದು ಬಂದಿತ್ತು. ‘ಚಳಿಗಾಲ ಮುಗಿದ ಮೇಲೆ ಡೈರೆಕ್ಟರ್ ಹುದ್ದೆ ಮೆಲ್ಬರ್ನಿನಲ್ಲಿ ಇರುವುದಿಲ್ಲ’ ಎಂಬ ಸಾಲು ಪುಟದ ಕೊನೆಯಲ್ಲಿತ್ತು. ಅವರು ಪುಟ ತಿರುಗಿಸಲಿಲ್ಲ. ಅಯ್ಯೋ, ನಮ್ಮ ಮೇಡಂ ರಿಟೈರ್ ಆಗ್ತಿದಾರೆ, ಒಂದು ಸರ್ಪ್ರೈಸ್ ಪಾರ್ಟಿ ಮಾಡದೆ ಕಳಿಸೋದಾ, ಎಂದು ಅಲ್ಲೇ ಎದ್ದರು.

ಮರುದಿನ ಬೆಳಿಗ್ಗೆ ಅವರು ಕಾಫಿ ಲೋಟ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತರು. ಮುಖ ನೋಡಿದರೆ ಕೇಟರಿಂಗಿನವರು ಕೈಕೊಟ್ಟಂತಿತ್ತು.

“ಮೇಡಂ, ಒಂದ್ ಸಣ್ಣ ಪ್ರಾಬ್ಲಮ್. ಒಂದು ಇನ್ವಿಟೇಶನ್ ಕಳ್ಸಿದ್ದೆ. ಸಿಡ್ನಿಯೋರಿಗೆ ಹೋಗ್ತಾ ಇಲ್ಲ. ಮಾರ್ಕಿಂಗ್ ಸ್ವಲ್ಪ ಕಮ್ಮಿ ಮಾಡ್ಬೇಕಂತೆ, ಸಿಸ್ಟಮ್ ಬಿಡ್ತಿಲ್ಲ.”

“ಇನ್ವಿಟೇಶನ್‌ಗೆ ಎಂಥ ಮಾರ್ಕಿಂಗು?”

“ಪ್ರೊಟೆಕ್ಟೆಡ್,” ಎಂದರು, ಬಹಳ ಮೆಲ್ಲಗೆ.

ಅವರು ಮಾಡಿದ್ದು ಇಷ್ಟೇ. ಹೊಸ ಇಮೇಲ್ ಬರೆಯುವ ಬದಲು, ಹೆಸರುಗಳನ್ನು ಟೈಪ್ ಮಾಡುವ ಶ್ರಮ ಉಳಿಯಲೆಂದು, ಡೈರೆಕ್ಟರ್ ಕಳಿಸಿದ್ದ ಆ ಇಮೇಲ್‌ಗೇ ‘ರಿಪ್ಲೈ ಆಲ್’ ಒತ್ತಿದ್ದರು. ಡೈರೆಕ್ಟರ್ ಹೆಸರನ್ನು ಮಾತ್ರ ತೆಗೆದು, ಸಿಡ್ನಿಯ ಇಡೀ ತಂಡವನ್ನು ಸೇರಿಸಿದ್ದರು. ತಾಯಿಯ ಮಾರ್ಕಿಂಗ್ ಮರಿಗೆ ಬಂದುಬಿಟ್ಟಿತು. ಸಿಡ್ನಿಯ ಆ ಗುಂಪಿನಲ್ಲಿ ಹೊರಗುತ್ತಿಗೆಯವರೂ ಇದ್ದರು. ಅವರಿಗೆ ಪ್ರೊಟೆಕ್ಟೆಡ್ ನೋಡುವ ಅನುಮತಿಯಿಲ್ಲ. ಹಾಗಾಗಿ ಇಮೇಲ್ ಬಾಗಿಲಲ್ಲೇ ತಡೆದು ನಿಂತಿತ್ತು. ಪುಣ್ಯಕ್ಕೆ ಓದಬಾರದವರು ಯಾರೂ ಓದಿರಲಿಲ್ಲ.

“ಇದನ್ನ ಡಿಲೀಟ್ ಮಾಡಿ ಫ್ರೆಶ್ ಆಗಿ ಬರೀಲಾ?” ಎಂದರು.

“ಬರೀರಿ. ಆದ್ರೆ ಅದ್ರಲ್ಲಿ ಏನು ಬರೀತೀರಿ?”

“ಅದೇ, ಮೇಡಂ ಹೋಗ್ತಿದಾರೆ ಅಂತ...”

“ಅವರು ಹೋಗ್ತಿದಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಅವರು ಕಾಫಿ ಲೋಟದೊಳಗೆ ನೋಡಿದರು. “ಆ ಪೇಪರ್‌ನಿಂದ.”

“ಹಾಗಾದ್ರೆ ನೀವು ಫ್ರೆಶ್ ಆಗಿ ಬರೆದ್ರೂ ಅದು ಪ್ರೊಟೆಕ್ಟೆಡ್ಡೇ. ಕನ್ನಡದಲ್ಲಿ ಬರೆದ್ರೂ ಪ್ರೊಟೆಕ್ಟೆಡ್ಡೇ. ಹಾಡು ಕಟ್ಟಿ ಹಾಡಿದ್ರೂ ಪ್ರೊಟೆಕ್ಟೆಡ್ಡೇ.”

“ಮೇಡಂ, ನಾನೇನ್ ಮಿಲಿಟರಿ ಸೀಕ್ರೆಟ್ ಬರ್ದಿದೀನಾ? ಸಮೋಸ, ಮ್ಯಾಂಗೋ ಕೇಕು, ಮಧ್ಯಾಹ್ನ ಮೂರು ಗಂಟೆ!”

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಸಿಡ್ನಿ ಆಫೀಸಿನಲ್ಲಿ ತಡೆದು ನಿಂತ ಇಮೇಲ್‌ಗಳನ್ನು ನೋಡಿಕೊಳ್ಳುವವರು ಮಂಗಳೂರಿನ ಕ್ಯಾಥೊಲಿಕ್ ಒಬ್ಬರು. ಮನೆಮಾತು ಕೊಂಕಣಿ; ನನ್ನ ಜೊತೆ ಮಾತ್ರ ಕನ್ನಡ. ಮುಖ ನೋಡಿರಲಿಲ್ಲ, ದನಿಯ ಪರಿಚಯ ಚೆನ್ನಾಗಿತ್ತು.

“ಎಂತ ಮಾರಾಯ್ರೆ,” ಎಂದರು, “ನಿಮ್ಮ ಮೆಲ್ಬರ್ನಿನವರು ತಿಂಡಿಗೂ ಪ್ರೊಟೆಕ್ಟೆಡ್ ಹಾಕುದಾ?”

“ನೀವು ಓದಿದ್ರಾ?”

“ಓದದೆ ಹೇಗೆ? ನನಗೆ ಅನುಮತಿ ಉಂಟು, ಕೆಲಸವೂ ಅದೇ. ಆದ್ರೆ ಫೋನಿನಲ್ಲಿ ಎಂತದೂ ಹೇಳ್ಲಿಕ್ಕಿಲ್ಲ. ಕೇಕಿನ ಬಗ್ಗೆ ಬೇಕಾದ್ರೆ ಮಾತಾಡುವ. ಕೇಕ್ ಪ್ಯಾರಾದಲ್ಲಿ ಗುಟ್ಟು ಇಲ್ಲ.”

“ನೀವೇ ಸ್ವಲ್ಪ ಕೆಳಗಿಳಿಸಿ ಬಿಟ್ಟುಬಿಡೋಕೆ ಆಗಲ್ವಾ?” ಎಂದು ಕೇಳಿದೆ. ಉತ್ತರ ಗೊತ್ತಿದ್ದರೂ ಕೇಳಿದ್ದು, ಎದುರಿಗೆ ನಿಂತಿದ್ದ ಮುಖ ನೋಡಲಾಗದೆ.

“ನಾನು ಇಳಿಸ್ಲಿಕ್ಕೆ ಆಗುದಿಲ್ಲ, ನೀವೂ ಇಳಿಸ್ಲಿಕ್ಕೆ ಆಗುದಿಲ್ಲ. ಮೂಲ ಕಾಗದ ಯಾರದ್ದು, ಅವರನ್ನೇ ಕೇಳ್ಬೇಕು.”

“ಮೂಲ ಕಾಗದ ಯಾರದ್ದು ಅಂತ ನೋಡಿದ್ರಾ?”

ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡಿನ ಸದ್ದು. ಆಮೇಲೆ ಗಂಟಲು ಸರಿಪಡಿಸಿಕೊಂಡ ಸದ್ದು. ಆಮೇಲೆ ಅವರು ಮನಸಾರೆ ನಗತೊಡಗಿದರು. ನಗು ತಡೆದುಕೊಂಡು, “ಒಂದು ಕೆಲಸ ಮಾಡಿ,” ಎಂದರು. “ಅವರ ಹತ್ರ ಹೋಗಿ, ನಿಮಗೆ ಗೊತ್ತಾಗಬಾರದ ಒಂದು ವಿಷಯಕ್ಕೆ ನಿಮ್ಮ ಪರ್ಮಿಶನ್ ಬೇಕು ಅಂತ ಕೇಳಿ. ಆಗ್ಬಹುದಲ್ಲ?”

ಬೇರೆ ದಾರಿಯಿರಲಿಲ್ಲ. ಹಾಗೆ ತಡೆದು ನಿಂತದ್ದನ್ನು ಮೂಲದವರಿಗೆ ತಿಳಿಸುವುದು ನಮ್ಮಿಬ್ಬರಿಗೂ ಕಡ್ಡಾಯ. ತುಮಕೂರಿನವರು ದೇವಸ್ಥಾನಕ್ಕೆ ಹೊರಟವರಂತೆ ಕಾಫಿ ಲೋಟ ಕೆಳಗಿಟ್ಟು, ಅಂಗಿ ಸರಿಮಾಡಿಕೊಂಡರು. “ಮೇಡಂ, ನೀವೇ ಮಾತಾಡಿ ಪ್ಲೀಸ್. ನನಗೆ ಇಂಗ್ಲಿಷ್ ಬರಲ್ಲ ಅಂತಿಟ್ಕೊಳ್ಳಿ.”

ಡೈರೆಕ್ಟರ್ ತಮ್ಮ ಕೋಣೆಯಲ್ಲಿ ಸೇಬು ಕತ್ತರಿಸುತ್ತಿದ್ದರು. ವಿಷಯ ಹೇಳಿದೆ. ಅವರು ಸೇಬು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಆ ಇಮೇಲನ್ನು ಮುದ್ರಿಸಿ ತರಲು ಹೇಳಿದರು. ತಂದೆ. ಅವರು ಪೆನ್ಸಿಲ್ ತೆಗೆದುಕೊಂಡರು. ಅಭ್ಯಾಸದಂತೆ ನೆತ್ತಿ ನೋಡಿದರು, ಪಾದ ನೋಡಿದರು, ಆಮೇಲೆ ತಮ್ಮದೇ ಬೀಳ್ಕೊಡುಗೆಯ ಕರೆಯೋಲೆಯನ್ನು ಮೊದಲ ಸಾಲಿನಿಂದ ಓದತೊಡಗಿದರು. ನಾವಿಬ್ಬರೂ ನಿಂತೇ ಇದ್ದೆವು.

“ಪ್ಯಾರಾಗಳಿಗೆ ಬೇರೆ ಬೇರೆ ಮಾರ್ಕಿಂಗ್ ಯಾಕಿಲ್ಲ?” ಎಂದು ತಲೆಯೆತ್ತದೆ ಕೇಳಿದರು. “ಮೊದಲ ಪ್ಯಾರಾ ಬರೀ ಸಮೋಸ. ಇದಕ್ಕೆ ಗುಟ್ಟೇನೂ ಇಲ್ಲ. ಎರಡನೆಯದು ನನ್ನ ಕಾಗದದಿಂದ ಬಂದದ್ದು, ಅದು ಪ್ರೊಟೆಕ್ಟೆಡ್. ಇವೆರಡನ್ನೂ ಬೇರೆ ಮಾಡಿದ್ದರೆ ಸಮೋಸವನ್ನಾದರೂ ಸಿಡ್ನಿಗೆ ಕಳಿಸಬಹುದಿತ್ತು.”

ತುಮಕೂರಿನವರು ತಲೆಯಾಡಿಸಿದರು.

ಎರಡನೆಯ ಪ್ಯಾರಾದ ಮೇಲೆ ಪೆನ್ಸಿಲ್ ನಿಂತಿತು. “ಇದು ಮೂಲದಲ್ಲಿ ಇಲ್ಲವಲ್ಲ,” ಎಂದರು. “ನಾನು ರಿಟೈರ್ ಆಗುತ್ತೇನೆ ಎಂದು ಎಲ್ಲಿ ಬರೆದಿದೆ? ಹುದ್ದೆ ಮೆಲ್ಬರ್ನಿನಲ್ಲಿ ಇರುವುದಿಲ್ಲ ಎಂದು ಬರೆದಿದ್ದೇನೆ. ಮುಂದಿನ ಪುಟದಲ್ಲಿ, ಅದು ಸಿಡ್ನಿಗೆ ಹೋಗುತ್ತದೆ ಎಂದೂ ಬರೆದಿದ್ದೇನೆ. ಮೂಲದಲ್ಲಿ ಇದ್ದಷ್ಟನ್ನೇ ಎತ್ತಿಕೊಳ್ಳಬೇಕು. ಇಲ್ಲದ್ದನ್ನು ಸೇರಿಸಿ ಅದಕ್ಕೂ ನನ್ನ ಮಾರ್ಕಿಂಗ್ ಹಚ್ಚಿದರೆ ನಿಮ್ಮ ಊಹೆಗೆ ನಾನು ಜವಾಬ್ದಾರಳಾಗುತ್ತೇನೆ.”

ತುಮಕೂರಿನವರ ಮುಖ ನೋಡುವಂತಿತ್ತು. ಒಬ್ಬರನ್ನು ತಾನೇ ನಿವೃತ್ತಿ ಮಾಡಿಸಿ, ಕೇಕಿಗೆ ಆರ್ಡರ್ ಕೊಟ್ಟು, ಅವರೆದುರೇ ನಿಂತ ಮನುಷ್ಯನ ಮುಖ. ನನಗೆ ನಗು ಬಂದು ಕಿಟಕಿಯ ಆಚೆ ನೋಡಿದೆ.

“ಸಾರಿ,” ಎಂದರು ಅವರು, ಇಂಗ್ಲಿಷ್ ನೆನಪಾಗಿ.

ಡೈರೆಕ್ಟರ್ ಮೂರನೆಯ ಪ್ಯಾರಾ ಓದುತ್ತಿದ್ದರು. ಮುದ್ರಿಸಿ ತರುವ ಅವಸರದಲ್ಲಿ ಅದನ್ನು ನಾನು ಸರಿಯಾಗಿ ನೋಡಿರಲಿಲ್ಲ. ತುಮಕೂರಿನವರ ಮಗಳಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದ್ದಾಗ ಅವರು ಒಂದು ವರದಿಯನ್ನು ಅರ್ಧಕ್ಕೇ ಬಿಟ್ಟು ಓಡಿದ್ದರಂತೆ. ಮರಳಿ ಬಂದಾಗ ವರದಿ ಪೂರ್ತಿಯಾಗಿ, ಮಾರ್ಕಿಂಗ್ ಸಮೇತ, ಅವರದೇ ಹೆಸರಿನಲ್ಲಿ ಮೇಲಕ್ಕೆ ಹೋಗಿತ್ತು. ಯಾರು ಮುಗಿಸಿದರೆಂದು ಯಾರೂ ಹೇಳಲಿಲ್ಲ. ಆದರೆ ಅರ್ಧವಿರಾಮ ಹಾಕುವಲ್ಲೆಲ್ಲ ಸರಿಯಾಗಿ ಅರ್ಧವಿರಾಮ ಹಾಕುವವರು ನಮ್ಮ ಮಹಡಿಯಲ್ಲಿ ಒಬ್ಬರೇ ಇರುವುದರಿಂದ ನನಗೆ ಗೊತ್ತಾಯಿತು, ಎಂದು ಅವರು ಬರೆದಿದ್ದರು.

ಡೈರೆಕ್ಟರ್ ಅದನ್ನು ಎರಡು ಸಲ ಓದಿದರು ಅನಿಸುತ್ತದೆ. ಕಿವಿಯ ಹತ್ತಿರ ಕೆಂಪಗಾಗಿತ್ತು.

“ಇದಕ್ಕೆ ಮೂಲ ಯಾವುದು?” ಎಂದರು.

“ಮೂಲ ಇಲ್ಲ,” ಎಂದರು ತುಮಕೂರಿನವರು. “ನಾನೇ.”

“ಹಾಗಾದರೆ ಮಾರ್ಕಿಂಗ್ ನಿಮಗೇ ಸೇರಿದ್ದು. ಏನು ಹಾಕಲಿ?”

ತುಮಕೂರಿನವರು ಸ್ವಲ್ಪ ಯೋಚಿಸಿದರು. “ಏನೂ ಬೇಡ. ಎಲ್ಲರೂ ಓದಬಹುದು.”

ಡೈರೆಕ್ಟರ್ ಆ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಿಂದ ಏನೋ ಬರೆದು, ಕಾಗದವನ್ನು ಬೀರುವಿನಲ್ಲಿ ಹಾಕಿ ಬೀಗ ಹಾಕಿದರು. ಆಮೇಲೆ ಮಾಮೂಲಿನ ದನಿಯಲ್ಲಿ, ಸಿಡ್ನಿಯಲ್ಲಿ ತಡೆದು ನಿಂತದ್ದನ್ನು ಅಲ್ಲಿಯೇ ಅಳಿಸಲು ಹೇಳಬೇಕು, ನಡೆದದ್ದನ್ನು ನಾನು ಬರೆದು ದಾಖಲಿಸಬೇಕು, ತುಮಕೂರಿನವರು ಮಾರ್ಕಿಂಗ್ ತರಬೇತಿಯನ್ನು ಇನ್ನೊಮ್ಮೆ ಮೊದಲಿಂದ ಮಾಡಬೇಕು ಎಂದರು. ನಾವು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದರು: “ಕೇಕ್ ವಾಪಸ್ ತೆಗೆದುಕೊಳ್ಳುತ್ತಾರಾ?”

ತೆಗೆದುಕೊಳ್ಳಲಿಲ್ಲ. ಆ ಶುಕ್ರವಾರ ನಾವು ಇಪ್ಪತ್ತು ಜನ ಯಾವ ಕಾರಣವೂ ಇಲ್ಲದೆ ಮ್ಯಾಂಗೋ ಕೇಕ್ ತಿಂದೆವು. ಯಾಕೆ ಕೇಕ್ ಎಂದು ಕೇಳಿದವರಿಗೆ ತುಮಕೂರಿನವರು, “ಹೇಳುವ ಹಾಗಿಲ್ಲ,” ಎಂದು ಗಂಭೀರವಾಗಿ ಹೇಳುತ್ತಿದ್ದರು. ಆ ಒಂದು ಮಾತಿನಿಂದ ಅವರ ಬಗ್ಗೆ ಆಫೀಸಿನಲ್ಲಿ ಗೌರವ ಹೆಚ್ಚಿತು. ಡೈರೆಕ್ಟರ್ ಎರಡು ತುಂಡು ತಿಂದರು. ಲಿಫ್ಟಿನಲ್ಲಿ ಅವರೊಂದಿಗೆ ಹವಾಮಾನ ಬಿಟ್ಟು ಬೇರೆ ಮಾತಾಡಲು ಸಾಧ್ಯ ಎಂಬುದು ಆ ವಾರದಲ್ಲೇ ನನಗೆ ಗೊತ್ತಾದದ್ದು. ಟೊಮ್ಯಾಟೊ ಸಾಸ್ ಬಗ್ಗೆ ಅವರು ನೆಲಮಹಡಿಯಿಂದ ನಮ್ಮ ಮಹಡಿಯವರೆಗೂ ಬಿಡದೆ ಮಾತಾಡಿದರು.

ಕೆಲವು ತಿಂಗಳ ನಂತರ ಯೋಜನೆ ಪ್ರಕಟವಾಯಿತು. ಹುದ್ದೆ ಸಿಡ್ನಿಗೆ ಹೋಗುವುದೂ ಎಲ್ಲರಿಗೆ ಗೊತ್ತಾಯಿತು. ಅದರ ಹಿಂದೆ ಡೈರೆಕ್ಟರೂ ಹೋಗುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ, ಅವರು ಹೋದರು. ಬೀಳ್ಕೊಡುಗೆ ಈ ಸಲ ನಿಜವಾಗಿಯೂ ನಡೆಯಿತು. ತುಮಕೂರಿನವರು ಕರೆಯೋಲೆಯನ್ನು ಕಳಿಸುವ ಮೊದಲು ನನ್ನ ಹತ್ತಿರ ಮೂರು ಸಲ ತಂದು ತೋರಿಸಿದರು. ಮೂರನೆಯ ಸಲ, “ಇನ್ನೂ ಒಂದ್ಸಲ ತಂದ್ರೆ ನಾನೇ ಇದಕ್ಕೆ ಟಾಪ್ ಸೀಕ್ರೆಟ್ ಹಾಕ್ತೀನಿ,” ಎಂದ ಮೇಲೆ ಕಳಿಸಿದರು.

ಮರುವರ್ಷ ತರಬೇತಿಗೆಂದು ನಾನು ಸಿಡ್ನಿಗೆ ಹೋದೆ. ಫೋನಿನ ದನಿಯಾಗಿಯೇ ಉಳಿದಿದ್ದ ಮಂಗಳೂರಿನವರನ್ನು ಅಲ್ಲಿ ಮೊದಲ ಬಾರಿ ನೋಡಿದೆ. ದನಿ ಕೇಳಿ ಎತ್ತರದ ಆಳೆಂದು ಊಹಿಸಿದ್ದೆ. ನನ್ನ ಭುಜಕ್ಕೆ ಬರುತ್ತಿದ್ದರು. ಶನಿವಾರ ಬ್ಲ್ಯಾಕ್‌ಟೌನಿನ ಅವರ ಮನೆಗೆ ಊಟಕ್ಕೆ ಕರೆದರು. ಡೈರೆಕ್ಟರನ್ನೂ ಕರೆದಿದ್ದರು.

ಬ್ಲ್ಯಾಕ್‌ಟೌನು ನಾನು ಬಿಟ್ಟು ಹೋದಂತೆ ಇರಲಿಲ್ಲ, ಆದರೆ ಸ್ಟೇಷನ್ನಿನ ಎದುರು ಬಸ್ಸಿಗೆ ಕಾಯುವ ಸೀರೆಗಳು, ಟರ್ಬನ್ನುಗಳು, ಟ್ರಾಲಿಗಳು ಹಾಗೆಯೇ ಇದ್ದವು. ಮಂಗಳೂರಿನವರ ಹೆಂಡತಿ ನನಗೆಂದು ಬೇರೆ ಒಲೆಯಲ್ಲಿ ತರಕಾರಿ ಸಾಗು ಮಾಡಿದ್ದರು, ಉಳಿದವರಿಗೆ ಕೋಳಿ. ನೀರುದೋಸೆ ಎಲ್ಲರಿಗೂ. ಡೈರೆಕ್ಟರ್ ಕೈಯಲ್ಲಿ ತಿನ್ನಲು ಹೋಗಿ ದೋಸೆ ಮುದ್ದೆಯಾಗಿ, ಆಮೇಲೆ ಫೋರ್ಕ್ ತೆಗೆದುಕೊಂಡು, ಆಮೇಲೆ ಅದನ್ನೂ ಬಿಟ್ಟು ಮತ್ತೆ ಕೈಗೆ ಬಂದರು.

ಊಟದ ನಡುವೆ ನಾನು ಕೇಳಿಯೇಬಿಟ್ಟೆ. ಆ ವಯಸ್ಸಿನಲ್ಲಿ ಊರು ಬಿಟ್ಟು ಬರಬೇಕು ಅಂತ ಯಾಕನಿಸಿತು?

“ನಾನು ಬಿಡಬೇಕೆಂದೇ ಇದ್ದೆ,” ಎಂದರು. “ಕರಡು ಬರೆಯುವಾಗಲೇ ರಾಜೀನಾಮೆಯನ್ನೂ ಬರೆದು ಡ್ರಾಯರಿನಲ್ಲಿ ಇಟ್ಟಿದ್ದೆ. ನಿಮ್ಮ ಗೆಳೆಯನ ಊಹೆ ತಪ್ಪಾಗಿರಲಿಲ್ಲ.”

ಮಂಗಳೂರಿನವರು ಸೌಟು ಹಿಡಿದಲ್ಲೇ ನಿಂತರು.

“ಮತ್ತೆ?” ಎಂದೆ.

“ಆ ಇನ್ವಿಟೇಶನ್‌ನಲ್ಲಿ ಒಂದು ಸಾಲಿತ್ತು. ಇನ್ನು ಮುಂದೆ ಮೇಡಂ ತಮ್ಮ ಪ್ರೀತಿಯ ಗುಲಾಬಿ ಗಿಡಗಳ ನಡುವೆ ನೆಮ್ಮದಿಯಾಗಿ ಕಾಲ ಕಳೆಯಲಿ, ಅಂತ. ನನ್ನ ಹತ್ತಿರ ಗುಲಾಬಿ ಗಿಡ ಇಲ್ಲ. ಯಾವ ಗಿಡವೂ ಇಲ್ಲ. ಅದನ್ನು ಓದಿ ನನಗೆ ಬಹಳ ಭಯವಾಯಿತು. ಮನೆಗೆ ಹೋಗಿ ಹಿತ್ತಲು ನೋಡಿದೆ. ಸೋಮವಾರ ಬಂದು ರಾಜೀನಾಮೆ ಹರಿದು ಹಾಕಿದೆ.”

ಮಂಗಳೂರಿನವರ ಹೆಂಡತಿ ನಕ್ಕು ಡೈರೆಕ್ಟರ್ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು. ಬೇಡ ಎಂದು ಕೈ ಅಡ್ಡ ಹಿಡಿದರೂ ಕೇಳಲಿಲ್ಲ.

ಸಂಜೆ ನಾನೂ ಡೈರೆಕ್ಟರೂ ಸ್ಟೇಷನ್ನಿಗೆ ನಡೆದು ಹೋದೆವು. ಉಳಿದ ನೀರುದೋಸೆಯನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಡೈರೆಕ್ಟರ್ ಕೈಗೆ ಕೊಟ್ಟಿದ್ದರು. ಅದನ್ನು ಹೇಗೆ ಬಿಸಿ ಮಾಡುವುದೆಂದು ಅವರಿಗೆ ಚಿಂತೆಯಾಗಿತ್ತು. ಬಿಸಿ ಮಾಡಬೇಡಿ, ಬೆಳಿಗ್ಗೆ ಹಾಗೆಯೇ ತಿನ್ನಿ, ಒಂದೊಂದಾಗಿ ಬಿಡಿಸಿಕೊಳ್ಳಿ, ಎಂದೆ. ಅವರ ಟ್ರೈನು ಮೊದಲು ಬಂತು. ಡಬ್ಬಿಯನ್ನು ಎದೆಗವಚಿಕೊಂಡು ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು, ಟ್ರೈನು ಹೊರಡುವ ಮೊದಲೇ ಮುಚ್ಚಳ ಸ್ವಲ್ಪ ತೆರೆದು ಒಳಗೆ ನೋಡುತ್ತಿದ್ದರು.